ದೊಡ್ಡಪ್ಪ ಕೇಳಿದ ಗಗನನೌಕೆಯ ಕಥೆ

ನಮ್ಮ ಮನೆಯಲ್ಲಿ ಕನ್ನಡ ಮಾತಾಡುವವರು ಹನ್ನೊಂದು ಜನ. ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಈ ಒಂದು ಸಂಗತಿಯನ್ನು ನೆಚ್ಚಿಕೊಂಡು, ಐವತ್ತು ಹತ್ತಿರವಾಗುತ್ತಿರುವ ವಯಸ್ಸಿನಲ್ಲಿ, ನಾನೊಂದು ಪೆದ್ದು ಕೆಲಸ ಮಾಡಿದೆ. ಅದರಿಂದ ನಾಲ್ಕು ದಿನ ಊಟ ರುಚಿಸಲಿಲ್ಲ, ಬ್ಯಾಂಕಿಗೆ ಬಂದವರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಈಗ ಎಲ್ಲ ಮುಗಿದು ಮನಸ್ಸು ಹಗುರವಾಗಿದೆ. ಹಗುರವಾದ್ದರಿಂದಲೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಇದನ್ನು ಯಾರ ಮುಂದೆಯೂ ಬಾಯಿ ಬಿಡುವವಳಲ್ಲ ನಾನು.

ನಮ್ಮವರು ತಮಿಳುನಾಡಿನ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಉತ್ತಮಪಾಳಯಂ ಹತ್ತಿರ ನಮ್ಮ ಮನೆ. ಸುತ್ತ ಭತ್ತ, ಬಾಳೆ, ಕಾಲುವೆಯ ಪಕ್ಕ ಒಂದಿಷ್ಟು ಕಬ್ಬು. ಶಾಲೆ ತಮಿಳು, ಸಂತೆ ತಮಿಳು, ಬಸ್ಸು ತಮಿಳು, ಜಗಳ ಜೋರಾದರೆ ಅದೂ ತಮಿಳು. ಅಡುಗೆಮನೆಯಲ್ಲಿ, ದೇವರ ಮುಂದೆ, ದನದ ಹತ್ತಿರ ಮಾತ್ರ ನಮ್ಮ ಕನ್ನಡ. ಅದನ್ನು ಬರೆಯುವುದಕ್ಕೂ ಅಕ್ಷರ ಇದೆ ಎಂಬುದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ. ಬ್ಯಾಂಕಿನವರು ನನ್ನನ್ನು ಮೂರು ವರ್ಷ ಕೊಳ್ಳೇಗಾಲಕ್ಕೆ ಹಾಕಿದಾಗ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಮನೆಯೊಡತಿಯ ಮಗಳ ಒಂದನೇ ತರಗತಿಯ ಪುಸ್ತಕ ಎಲ್ಲ ಓದಿ ಓದಿ ಕಲಿತೆ. ನಾನು ಬಾಯಿ ತೆರೆದರೆ ಸಾಕು, ಆ ಮನೆಯೊಡತಿ, "ನಿಮ್ ಮಾತು ಕೇಳಿದ್ರೆ ನಮ್ಮಜ್ಜಿಯ ಅಜ್ಜಿ ಎದ್ದು ಬಂದಂಗಾಗುತ್ತೆ ಮೇಡಂ" ಎಂದು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟಿಗೇ ಪುಸ್ತಕದ ಕನ್ನಡ ಕಲಿತೆ, ಆಮೇಲೆ ಕಥೆ ಬರೆಯಲೂ ಶುರು ಮಾಡಿದೆ.

ದಿಂಡಿಗಲ್ ಶಾಖೆಗೆ ವಾಪಸು ಬಂದ ಮೇಲೂ ಆ ಚಟ ಬಿಡಲಿಲ್ಲ. ರಜೆಗೆ ಊರಿಗೆ ಹೋದಾಗ ಯಾರಾದರೂ ನನ್ನ ಹಾಳೆ ಇಣುಕಿದರೆ ಅವರಿಗೆ ಕಾಣುತ್ತಿದ್ದುದು ಜಿಲೇಬಿ ಸುತ್ತಿಟ್ಟ ಹಾಗೆ ಸುರುಳಿ ಸುರುಳಿ, ಅಷ್ಟೆ. ಬೀಗಕ್ಕೇ ಹೆಸರಾದ ದಿಂಡಿಗಲ್ಲಿನಲ್ಲಿ ಬೀಗಕ್ಕೇನು ಬರವೇ? ಆದರೂ ನನಗೆ ಬೀಗ ಬೇಕಾಗಲೇ ಇಲ್ಲ. ಅತ್ತಿಗೆಯ ಮೇಲಿನ ಕೋಪ, ಅಣ್ಣನ ಜಿಪುಣತನ, ನನ್ನ ಮೈಯ ನೋವು, ಎಲ್ಲವನ್ನೂ ಕನ್ನಡದಲ್ಲಿ ಬರೆದು ಊಟದ ಮೇಜಿನ ಮೇಲೇ ಬಿಟ್ಟಿರುತ್ತಿದ್ದೆ. ಅದರ ಮೇಲೆ ಅತ್ತಿಗೆ ಸಾರಿನ ಪಾತ್ರೆ ಇಟ್ಟದ್ದೂ ಉಂಟು. ಸ್ವಂತ ಮಾತಿನಲ್ಲಿ ಬರೆದದ್ದು ಸ್ವಂತ ಮನೆಯವರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ ನಮ್ಮಂಥವರಿಗೆ ಮಾತ್ರ ಇರುವಂಥದು.

ಎಲ್ಲೋ ಅಚ್ಚಾದ ನನ್ನ ಒಂದು ಕಥೆ ನೋಡಿ ಹೋದ ವರ್ಷ ಬೆಂಗಳೂರಿನ ಒಂದು ಕಂಪನಿಯಿಂದ ಕರೆ ಬಂತು. ಮೊಬೈಲಿನಲ್ಲಿ ಆಡುವ ಒಂದು ಆಟ ಅವರದು. ಒಬ್ಬ ನಾಯಕಿ, ಅವಳದೊಂದು ಹಳೆಯ ಗಗನನೌಕೆ, ಗ್ರಹದಿಂದ ಗ್ರಹಕ್ಕೆ ಹಾರಿ ಸಾಹಸ ಮಾಡುವುದು. ಆಟ ಆಡುವವರು ಬಿಡುವಿನಲ್ಲಿ ಓದಲೆಂದು ಅದೇ ನಾಯಕಿಯ ಸಣ್ಣ ಸಣ್ಣ ಕಥೆಗಳನ್ನು ನಾಲ್ಕೈದು ಭಾಷೆಗಳಲ್ಲಿ ಬರೆಸುತ್ತಿದ್ದರು. ಕನ್ನಡದ್ದೊಂದು ನನಗೆ ಬಂತು. ಜೊತೆಗೆ ನಿಯಮಗಳ ಪಟ್ಟಿಯೂ ಬಂತು: ನಾಯಕಿ ಸಾಯಬಾರದು, ಅಳಬಾರದು, ಪ್ರೀತಿಯಲ್ಲಿ ಬೀಳಬಾರದು, ನೌಕೆಗೆ ಪೆಟ್ಟಾಗಬಾರದು, ಆದರೆ ಕಥೆಯಲ್ಲಿ ಒಂದಾದರೂ ಅಪಾಯ ಇರಬೇಕು. ಇಷ್ಟು ಕಟ್ಟುನಿಟ್ಟು ನಮ್ಮ ಮನೆಯ ಸೊಸೆಯರಿಗೂ ಇರಲಿಲ್ಲ ಎಂದುಕೊಂಡು ಒಪ್ಪಿಕೊಂಡೆ.

ಎರಡು ವಾರ ತಲೆ ಕೆರೆದುಕೊಂಡರೂ ಏನೂ ಹೊಳೆಯಲಿಲ್ಲ. ರಾಕೆಟ್ಟು, ಬಂದೂಕು, ಕಪ್ಪು ಕುಳಿ ಏನು ಬರೆದರೂ ಸುಳ್ಳು ಸುಳ್ಳಾಗಿ ಕಾಣುತ್ತಿತ್ತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಇದನ್ನು ಯಾರು ಓದುತ್ತಾರೆ ಮಹಾ, ಎಂದುಕೊಂಡು, ಮೂವತ್ತೆಂಟು ವರ್ಷದಿಂದ ಯಾರಿಗೂ ಹೇಳದೇ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಗುಟ್ಟನ್ನು ಎತ್ತಿ ಬೇರೆ ಗ್ರಹದಲ್ಲಿ ಇಟ್ಟುಬಿಟ್ಟೆ.

ಆ ಗುಟ್ಟು ಏನೆಂದು ಹೇಳುವ ಮೊದಲು ನಮ್ಮ ಕುಲದ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ದೇವರ ಆವು ಎಂದು ಒಂದು ಹಿಂಡು ಇದೆ. ಆವು ಎಂದರೆ ನಮ್ಮ ಮಾತಿನಲ್ಲಿ ದನ. ದೇವರಿಗೆ ಬಿಟ್ಟ ಈ ದನಗಳನ್ನು ನೇಗಿಲಿಗೆ ಹೂಡುವುದಿಲ್ಲ, ಅವುಗಳ ಹಾಲು ಮಾರುವುದಿಲ್ಲ. ಅವನ್ನು ಕೂಡುವ ದೊಡ್ಡ ದೊಡ್ಡಿಗೆ ತೊಳು ಎನ್ನುತ್ತೇವೆ. ಅದರೊಳಕ್ಕೆ ಹೋಗುವಾಗ ಚಪ್ಪಲಿ ಹೊರಗೆ. ಹಿಂಡಿಗೆ ಒಂದು ಹೋರಿ ರಾಜ, ಅದಕ್ಕೆ ಪಟ್ಟದ ಆವು ಎಂದು ಹೆಸರು. ಅದು ಸತ್ತರೆ ಮನುಷ್ಯರಿಗೆ ಮಾಡಿದ ಹಾಗೇ ಮಣ್ಣು ಮಾಡುತ್ತೇವೆ. ಅದರ ಜಾಗಕ್ಕೆ ಹೊಸದನ್ನು ಆರಿಸುವುದು ಮನುಷ್ಯರ ಕೆಲಸವಲ್ಲ. ಸಂಕ್ರಾಂತಿಯ ಮರುದಿನ ಬರುವ ದನಗಳ ಹಬ್ಬ, ಮಾಟ್ಟುಪ್ಪೊಂಗಲ್ ದಿನ ಎಳೆಯ ಹೋರಿಗಳನ್ನು ತೊಳುವಿನಲ್ಲಿ ಬಿಟ್ಟು, ದೇವರ ಮುಂದೆ ಒಂದು ಕಟ್ಟು ಕಬ್ಬು ಇಟ್ಟು, ಎಲ್ಲರೂ ದೂರ ಸರಿದು ಸುಮ್ಮನೆ ನಿಲ್ಲುತ್ತಾರೆ. ಯಾವುದು ತಾನಾಗಿ ಬಂದು ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ದೇವರು ಆರಿಸಿದ್ದು. ಹೆಸರು ಹಿಡಿದು ಕರೆಯಬಾರದು, ಸನ್ನೆ ಮಾಡಬಾರದು. ನಮ್ಮ ಕಡೆಯ ಮುದುಕರು ಆ ಹೊತ್ತಿನಲ್ಲಿ ಕೆಮ್ಮನ್ನೂ ನುಂಗಿಕೊಂಡು ನಿಲ್ಲುತ್ತಾರೆ.

ನನಗೆ ಹತ್ತು ವರ್ಷವಾಗಿದ್ದಾಗ ಪಟ್ಟದ ಆವು ಸತ್ತಿತು. ಅದಕ್ಕೆ ಎರಡು ವರ್ಷ ಮೊದಲು ನಮ್ಮಪ್ಪ ತೀರಿಹೋಗಿದ್ದರು. ನನ್ನನ್ನೂ ಅಣ್ಣನನ್ನೂ ಅವ್ವನನ್ನೂ ನೋಡಿಕೊಳ್ಳುತ್ತಿದ್ದವರು ದೊಡ್ಡಪ್ಪ. ಹಿಂಡಿನಲ್ಲಿ ಒಂದು ಬಿಳಿ ಕರು ಇತ್ತು, ಭುಜದ ಮೇಲೆ ಮಸಿ ಚೆಲ್ಲಿದ ಹಾಗೆ ಒಂದು ಮಚ್ಚೆ. ಅದರ ತಾಯಿ ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ನಾನು ಶಾಲೆಯಿಂದ ಬಂದೊಡನೆ ಅದರ ಹತ್ತಿರ ಓಡುತ್ತಿದ್ದೆ. ಅಪ್ಪನಿಲ್ಲದ ನಾನು, ತಾಯಿ ಬೇಡವೆಂದ ಅದು, ಹೀಗೆಲ್ಲ ಆಗ ಅಂದುಕೊಂಡವಳಲ್ಲ. ಅದರ ಮೂಗು ಒದ್ದೆಯಾಗಿ ತಣ್ಣಗಿರುತ್ತಿತ್ತು, ನನಗೆ ಅದು ಇಷ್ಟ. ಬೇಸಗೆಗೆ ಹಿಂಡನ್ನು ಬೆಟ್ಟದ ಕಡೆ ಮೇಯಲು ಹೊಡೆದುಕೊಂಡು ಹೋಗುತ್ತಾರೆ, ತಿಂಗಳುಗಟ್ಟಲೆ ಬರುವುದಿಲ್ಲ. ಪಟ್ಟದ ಆವು ಮಾತ್ರ ಊರಲ್ಲೇ ಉಳಿಯುತ್ತದೆ. ನನಗೆ ಬೇಕಾದದ್ದು ಅಷ್ಟೆ. ದೇವರ ವಿಚಾರ ನನ್ನ ತಲೆಯಲ್ಲಿ ಇರಲೇ ಇಲ್ಲ.

ಇಪ್ಪತ್ತು ದಿನ, ಮಧ್ಯಾಹ್ನ ಶಾಲೆಯಲ್ಲಿ ಊಟಕ್ಕೆ ಬಿಟ್ಟಾಗ, ಕಾಲುವೆಯ ಪಕ್ಕದ ನಮ್ಮ ಗದ್ದೆಯಿಂದ ಎರಡು ಜಲ್ಲೆ ಕಬ್ಬು ಮುರಿದುಕೊಂಡು ತೊಳುವಿಗೆ ಹೋದೆ. ಸುಮ್ಮನೆ ತಿನ್ನಿಸಲಿಲ್ಲ, ಅಷ್ಟು ದಡ್ಡಿಯಲ್ಲ ನಾನು. ಹಿರಿಯರು ಕಟ್ಟುವ ಹಾಗೆಯೇ ಅರಿಸಿನದ ದಾರ ಕಟ್ಟಿ, ದೇವರ ಕಲ್ಲಿನ ಮುಂದೆ ಇಟ್ಟು, ದೂರ ನಿಂತು, ಬಾಯಿ ಬಿಗಿಹಿಡಿದುಕೊಂಡಿರುತ್ತಿದ್ದೆ. ಕರು ಬರುತ್ತಿತ್ತು. ಹದಿನೈದನೇ ದಿನದ ಹೊತ್ತಿಗೆ ದಾರ ಕಂಡರೆ ಸಾಕು, ಓಡಿ ಬರುತ್ತಿತ್ತು. ಮಾಟ್ಟುಪ್ಪೊಂಗಲ್ ದಿನ ಊರೆಲ್ಲ ಉಸಿರು ಹಿಡಿದು ನಿಂತಿದ್ದಾಗ ಅದು ನೆಟ್ಟಗೆ ಬಂದು ಕಬ್ಬಿಗೆ ಬಾಯಿ ಹಾಕಿತು. ಹೆಂಗಸರು ನಾಲಗೆ ಹೊರಳಿಸಿ ಮಂಗಳದ ಕೂಗು, ಕುಲವೆ, ಹಾಕಿದರು. ಅದರ ಮೈಗೆ ಅರಿಸಿನ ಬಳಿದರು. ಅದನ್ನು ನೋಡಿಕೊಳ್ಳುವ ಭಾರ ಯಾರಿಗೆ ಎಂದು ಕೇಳಿದಾಗ ಹಿರಿಯರೆಲ್ಲ ನಮ್ಮ ದೊಡ್ಡಪ್ಪನ ಕಡೆ ತೋರಿಸಿದರು. ದೊಡ್ಡಪ್ಪ ಅದರ ಮುಂದೆ ನೆಲಕ್ಕೆ ಬಿದ್ದು ಕೈ ಮುಗಿದರು. ನಾನು ಮಾಡಿದ್ದು ಏನು ಎಂದು ಅವತ್ತು ಅರ್ಥವಾಯಿತು.

ಅಲ್ಲಿಂದ ಇಪ್ಪತ್ತು ವರ್ಷ ಆ ಹೋರಿ ಬದುಕಿತು. ಇಪ್ಪತ್ತು ವರ್ಷವೂ ದೊಡ್ಡಪ್ಪ ದಿನಾ ಬೆಳಿಗ್ಗೆ ಸ್ನಾನ ಮಾಡಿ, ತಾವು ಏನೂ ಬಾಯಿಗೆ ಹಾಕುವ ಮೊದಲು ಅದಕ್ಕೆ ಮೇವು ಹಾಕಿ ಬಂದರು. ಮಾಂಸ ಬಿಟ್ಟರು. ಒಡ್ಡನ್‌ಛತ್ರಂ ಮಾರುಕಟ್ಟೆಗೆ ತರಕಾರಿ ಲಾರಿಯ ಜೊತೆ ಹೋದರೂ ಮರುದಿನ ಬೆಳಗಿಗೆ ವಾಪಸು ಬಂದುಬಿಡುತ್ತಿದ್ದರು. ದೇವರು ಆರಿಸಿದ ಹೋರಿ ಎಂದು ನಂಬಿ ಮಾಡಿದರು. ಅದನ್ನು ಆರಿಸಿದ್ದು ದೇವರಲ್ಲ, ಅವರ ತಮ್ಮನ ಮಗಳು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಕಥೆಯಲ್ಲಿ ದನದ ಬದಲು ನಾಲ್ಕು ಕಾಲಿನ ಯಂತ್ರಗಳನ್ನು ಇಟ್ಟೆ. ದೂರದ ಒಂದು ಧೂಳಿನ ಗ್ರಹ, ಅಲ್ಲಿ ಎಂದೋ ಹೋಗಿ ನೆಲೆಸಿದ ಜನ. ಕಬ್ಬು ತಿಂದು ಓಡುವ, ಹೊರೆ ಹೊರುವ ಅವರ ಯಂತ್ರಗಳಿಗೆ ಸ್ವಂತ ಬುದ್ಧಿ ಇದೆ. ಬಿರುಗಾಳಿಯಲ್ಲಿ ಎಲ್ಲಕ್ಕೂ ದಾರಿ ತೋರಿಸುವ ಮುಂದಾಳು ಯಂತ್ರ ಕೆಟ್ಟುಹೋಗಿದೆ. ಹೊಸ ಮುಂದಾಳನ್ನು ಆರಿಸಲು ಅವರು ಅಂಗಳದಲ್ಲಿ ಕಬ್ಬಿನ ಕಟ್ಟು ಇಡುತ್ತಾರೆ. ಆಟದ ನಾಯಕಿ ಅದಕ್ಕೆ ಸಾಕ್ಷಿಯಾಗಿ ಬಂದಿರುತ್ತಾಳೆ. ಆ ಊರಿನ ಒಬ್ಬ ಹುಡುಗಿ ಗುಟ್ಟಾಗಿ ಒಂದು ಪುಟ್ಟ ಯಂತ್ರಕ್ಕೆ ಕಬ್ಬಿನ ಅಭ್ಯಾಸ ಮಾಡಿಸಿರುತ್ತಾಳೆ. ಅದೇ ಗೆಲ್ಲುತ್ತದೆ. ನಾಯಕಿ ಹುಡುಗಿಯ ಮುಖ ನೋಡುತ್ತಾಳೆ, ಏನೂ ಹೇಳದೆ ನೌಕೆ ಹತ್ತುತ್ತಾಳೆ. ಮುಗಿಯಿತು. ಕಂಪನಿಯವರು ಅಪಾಯ ಸಾಲದು ಎಂದರು. ನಡುವೆ ಒಂದು ಬಿರುಗಾಳಿ ಸೇರಿಸಿ ಕೊಟ್ಟೆ.

ಕಥೆ ಪ್ರಕಟವಾದ ಮೇಲೆ ಓದುಗರ ಅಭಿಪ್ರಾಯಗಳು ಬರತೊಡಗಿದವು. ನಾನು ಅದುವರೆಗೆ ಬರೆದದ್ದನ್ನು ಓದಿದವರು ಹೆಚ್ಚೆಂದರೆ ಐವತ್ತು ಜನ. ಅವರೂ ಮರ್ಯಾದೆಗೆ ಚೆನ್ನಾಗಿದೆ ಎನ್ನುವವರು. ಈ ಆಟದ ಹುಡುಗರು ಹಾಗಲ್ಲ. "ನಾಯಕಿಯ ಕೈಗವಸು ನೀಲಿ. ಕೆಂಪು ಅಂತ ಬರೆದಿದ್ದಾರೆ. ಇವರು ಆಟ ಆಡಿಯೇ ಇಲ್ಲ" ಎಂದು ಒಬ್ಬ. ನಿಜ, ಆಡಿರಲಿಲ್ಲ. "ನೌಕೆಯ ಹಿಂಬಾಗಿಲು ಮೂರನೇ ಹಂತದಲ್ಲಿ ಸುಟ್ಟುಹೋಗಿದೆ, ಅದರಿಂದ ಹೇಗೆ ಇಳಿದಳು?" ಎಂದು ಇನ್ನೊಬ್ಬ. "ಒಂದು ಗುಂಡೂ ಹಾರಲಿಲ್ಲ. ಹದಿನೈದು ನಿಮಿಷ ವ್ಯರ್ಥ." "ಧೂಳಿನ ಗ್ರಹದಲ್ಲಿ ಕಬ್ಬು ಹೇಗೆ ಬೆಳೆಯುತ್ತದೆ? ನೀರು ಎಲ್ಲಿಂದ?" ಇದಕ್ಕೆ ಕೃಷಿ ಓದುವವಳಿರಬೇಕು, ಒಬ್ಬಳು ಬಂದು, ಗಾಜಿನ ಮನೆ ಕಟ್ಟಿ ಹನಿ ನೀರಾವರಿ ಮಾಡಿದರೆ ಏಕೆ ಬೆಳೆಯುವುದಿಲ್ಲ ಎಂದು ನಾಲ್ಕು ಪ್ಯಾರಾ ಬರೆದಿದ್ದಳು. ಅವರಿಬ್ಬರ ಜಗಳ ಒಂದು ವಾರ ನಡೆಯಿತು. ನನ್ನ ಕಥೆ ಯಾರಿಗೂ ನೆನಪಿರಲಿಲ್ಲ.

ಮೊದಲು ಮುಖ ಊದಿಸಿಕೊಂಡೆ. ಆಮೇಲೆ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇವನ್ನು ಓದುವುದೇ ನನಗೆ ಅಭ್ಯಾಸವಾಯಿತು. ಬೈಗುಳವಾದರೂ ಗಮನವಿಟ್ಟು ಓದಿ ಬೈದಿದ್ದಾರಲ್ಲ! ಒಂದು ಅಭಿಪ್ರಾಯ ಮಾತ್ರ ಚುಚ್ಚಿತು. "ಆ ಹುಡುಗಿ ಮಾಡಿದ್ದು ಮೋಸ. ಊರವರೆಲ್ಲ ಆ ಯಂತ್ರವನ್ನು ನಂಬಿ ಬಿರುಗಾಳಿಯಲ್ಲಿ ನಡೆಯುತ್ತಾರೆ. ಅವಳು ಒಪ್ಪಿಕೊಳ್ಳಲೇ ಇಲ್ಲ. ಬರೆದವರಿಗೂ ಒಪ್ಪಿಸುವ ಧೈರ್ಯ ಇರಲಿಲ್ಲ." ಹೆಸರಿನ ಜಾಗದಲ್ಲಿ ಒಂದು ಬೆಕ್ಕಿನ ಚಿತ್ರ ಇತ್ತು. ಆ ಬೆಕ್ಕಿನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಬಂದದ್ದೇಕೆಂದರೆ ಅದು ಹೇಳಿದ್ದು ಸರಿಯಾಗಿತ್ತು.

ಎರಡು ತಿಂಗಳಾದ ಮೇಲೆ ಕಂಪನಿಯವರು, ನನ್ನನ್ನು ಕೇಳದೆ, ಎಲ್ಲ ಕಥೆಗಳನ್ನೂ ಒಬ್ಬರಿಂದ ಓದಿಸಿ, ಕೇಳುವ ಹಾಗೆ ಮಾಡಿಬಿಟ್ಟರು. ಒಂದು ಗುಂಡಿ ಒತ್ತಿದರೆ ಸಾಕು, ಗಂಭೀರವಾದ ಹೆಣ್ಣುದನಿ ಮೊದಲು ಬರೆದವರ ಹೆಸರು, ಆಮೇಲೆ ಕಥೆ ಹೇಳುತ್ತದೆ. ನನಗೆ ಖುಷಿಯೇ ಆಯಿತು. ಓದಲು ಬಾರದವರಿಗೂ ಕೇಳಲು ಬರುತ್ತದೆ ಎಂಬ ಸರಳವಾದ ವಿಚಾರ, ಇಷ್ಟು ವರ್ಷ ಬ್ಯಾಂಕಿನಲ್ಲಿ ಕೂತು ಜನರಿಗೆ ಬುದ್ಧಿ ಹೇಳಿದ ನನಗೆ, ಹೊಳೆಯಲಿಲ್ಲ.

ಒಂದು ಬುಧವಾರ ಅಣ್ಣನ ಮಗಳು ಫೋನ್ ಮಾಡಿದಳು. ತೇಣಿಯಲ್ಲಿ ಕಾಲೇಜು ಓದುತ್ತಾಳೆ, ಊರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ದಾರಿಯುದ್ದಕ್ಕೂ ಆ ಆಟವನ್ನೇ ಆಡುತ್ತಾಳೆ. ಅದು ನನಗೆ ಗೊತ್ತಿರಲಿಲ್ಲ. ನಮ್ಮ ಮಾತು ಅವಳಿಗೆ ಪೂರ್ತಿ ತಿಳಿಯುತ್ತದೆ, ಆದರೆ ಆಡುವಾಗ ಅರ್ಧಕ್ಕೆ ತಮಿಳಿಗೆ ಹೊರಳಿಬಿಡುತ್ತಾಳೆ.

"ಅತ್ತೆ, ಸೂಪರ್ ಅತ್ತೆ! ನಿಮ್ ಕದೆ ತಾತಂಗೆ ಹಾಕಿ ಕೊಟ್ಟೆ. ಸ್ಪೀಕರ್ನಾಗ. ತಾತಾ ಮೂಣು ತಡವೆ ಕೇಟ್ಟಾರು!"

ಮೂರು ಸಲ ಕೇಳಿದರಂತೆ. ತಾತ ಎಂದರೆ ನಮ್ಮ ದೊಡ್ಡಪ್ಪ.

"ಏನಂದ್ರು?" ಎಂದೆ.

"ಒಂದೂ ಹೇಳ್ಲಿಲ್ಲ ಅತ್ತೆ. ಮೂರು ಸಲ ಕೇಳಿ, ಎದ್ದು ತೊಳು ಕಡೆ ಹೋಗ್ಬುಟ್ರು. ಬಂದು, ಞಾಯಿತ್ತುಕ್ಕಿಳಮೆ ಅತ್ತೇನ ಬರ ಹೇಳು ಅಂದ್ರು."

ಭಾನುವಾರ ಬಾ ಎಂದು ದೊಡ್ಡಪ್ಪ ನನಗೆ ಹೇಳಿ ಕಳಿಸಿದ್ದು ಅದೇ ಮೊದಲು. ಬರುವವಳು ನಾನು, ಬಂದಾಗ ಊಟ ಹಾಕಿಸುವವರು ಅವರು, ಇದು ನಮ್ಮ ವಾಡಿಕೆ. ಫೋನ್ ಇಟ್ಟು ಕಥೆಯನ್ನು ನಾನೂ ಒಮ್ಮೆ ಕೇಳಿದೆ. ಯಂತ್ರಕ್ಕೆ ನಾಲ್ಕು ಕಾಲು. ಮೈ ಬಿಳಿ. ಭುಜದ ಮೇಲೆ ಮಸಿ ಚೆಲ್ಲಿದ ಹಾಗೆ ಮಚ್ಚೆ. ಮಚ್ಚೆಯನ್ನಾದರೂ ಬಿಡಬಾರದಾಗಿತ್ತೇ! ಕಬ್ಬಿಗೆ ಅರಿಸಿನದ ದಾರ ಬೇರೆ ಕಟ್ಟಿದ್ದೆ. ಇಷ್ಟೆಲ್ಲ ಗುರುತು ಇಟ್ಟುಕೊಂಡು ಬೇರೆ ಗ್ರಹಕ್ಕೆ ಹೋಗಿ ಬಚ್ಚಿಟ್ಟುಕೊಂಡ ಕಳ್ಳಿ ನನ್ನ ಬಿಟ್ಟರೆ ಇನ್ನೊಬ್ಬಳಿಲ್ಲ.

ದೊಡ್ಡಪ್ಪನಿಗೆ ಈಗ ಎಪ್ಪತ್ತೆರಡು. ಅವರು ಬೈಯುತ್ತಾರೆಂಬ ಹೆದರಿಕೆ ಇರಲಿಲ್ಲ. ಅವರ ಬೈಗುಳ ತಿಂದೇ ಬೆಳೆದವಳು. ಇಪ್ಪತ್ತು ವರ್ಷ ಒಂದು ಸುಳ್ಳಿಗೆ ಕೈ ಮುಗಿದೆ ಎಂದು ಈ ವಯಸ್ಸಿನಲ್ಲಿ ಅವರಿಗೆ ಅನ್ನಿಸಿದರೆ? ಅದನ್ನು ಅವರ ಬಾಯಿಂದ ಕೇಳುವ ಶಕ್ತಿ ನನಗಿರಲಿಲ್ಲ. ಹೋಗದೆ ಇರುವ ಶಕ್ತಿ ಮೊದಲೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ದಿಂಡಿಗಲ್ಲಿನಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಒಂದೊಂದೇ ಸುಳ್ಳು ಹೆಣೆಯುತ್ತಾ ಹೋದೆ. ಪೆರಿಯಕುಳಂ ಬರುವ ಹೊತ್ತಿಗೆ, ಅದೆಲ್ಲ ಬರೀ ಕಲ್ಪನೆ ದೊಡ್ಡಪ್ಪಾ, ಎಂಬುದು ಸಿದ್ಧವಾಗಿತ್ತು. ಬಸ್ಸು ಅಲ್ಲಿ ನಿಂತಾಗ ಮಾವಿನ ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಹತ್ತಿದರು, ಒಬ್ಬಳು ತನ್ನ ಬುಟ್ಟಿಯನ್ನು ನನ್ನ ಕಾಲ ಮೇಲೇ ಇಟ್ಟಳು. ತೇಣಿ ದಾಟುವಾಗ, ಕಂಪನಿಯವರೇ ಹಾಗೆ ಬರೆಯಲು ಹೇಳಿದರು, ಎಂಬ ಇನ್ನೊಂದು ಸುಳ್ಳು ಹೊಳೆಯಿತು. ನಡುನಡುವೆ ಫೋನ್ ತೆಗೆದು, ಓದುಗರಲ್ಲಿ ಯಾರಾದರೂ ಆ ಹುಡುಗಿಯ ಪರವಾಗಿ ಮಾತಾಡಿದ್ದಾರೇನೋ ಎಂದು ಹುಡುಕಿದೆ. ಒಬ್ಬನೇ ಒಬ್ಬ, "ಪಾಪ, ಚಿಕ್ಕ ಹುಡುಗಿ ಬಿಡಿ" ಎಂದಿದ್ದ. ಅವನು ಎದುರಿಗಿದ್ದಿದ್ದರೆ ಒಂದು ಮಾವಿನ ಹಣ್ಣು ಕೊಡಿಸುತ್ತಿದ್ದೆ. ಕೆಳಗೆ ಬೆಕ್ಕು ಉತ್ತರ ಕೊಟ್ಟಿತ್ತು: "ಚಿಕ್ಕವಳಾಗಿದ್ದಾಗ ಸರಿ. ದೊಡ್ಡವಳಾದ ಮೇಲೆ?" ಫೋನನ್ನು ಚೀಲಕ್ಕೆ ತುರುಕಿದೆ. ಸುಳ್ಳುಗಳೆಲ್ಲ ಅಲ್ಲಿಗೆ ಸತ್ತವು. ಉತ್ತಮಪಾಳಯಂನಲ್ಲಿ ಇಳಿದಾಗ ನನ್ನ ಕೈಯಲ್ಲಿ ಉಳಿದದ್ದು ನಿಜ ಒಂದೇ.

ದೊಡ್ಡಪ್ಪ ಜಗಲಿಯ ಮೇಲೆ ಕೂತು ಬಾಳೆ ನಾರು ಬಿಡಿಸುತ್ತಿದ್ದರು. ಪಕ್ಕದಲ್ಲಿ ಅಣ್ಣನ ಮಗಳ ಸ್ಪೀಕರು.

"ಬಂದ್ಯಾ ತಾಯೀ. ಕೂಕೋ. ಬಸ್ನಾಗ ಎಡ ಸಿಕ್ತಾ?" ಎಂದರು. ಕೂತುಕೊಳ್ಳಲು ಜಾಗ ಸಿಕ್ಕಿತೇ ಎಂದು ಕೇಳುವುದು ಅವರ ಮೊದಲ ಮಾತು, ಯಾವಾಗಲೂ.

"ಸಿಕ್ತು ದೊಡ್ಡಪ್ಪಾ."

"ಅದೇನ್ ಕನ್ನಡಾ ತಾಯೀ ಅದು, ಅಯ್ಯರು ಮಂತ್ರ ಹೇಳ್ದಂಗೆ! ಅರ್ದ ನಂಗೆ ಪುರಿಯಲಿಲ್ಲ, ತಿಳೀಲಿಲ್ಲ. ಈ ಪುಳ್ಳೆ ತಮಿಳ್ನಾಗ ಹೇಳ್ತು."

ಪುಳ್ಳೆ ಎಂದು ಕರೆಸಿಕೊಂಡ ಅಣ್ಣನ ಮಗಳು ಬಾಗಿಲಲ್ಲಿ ನಿಂತು ನಗುತ್ತಿದ್ದಳು. ದೊಡ್ಡಪ್ಪ ಅವಳನ್ನು ಕಾಫಿ ತರಲು ಒಳಗೆ ಕಳಿಸಿದರು. ಇನ್ನು ತಡೆದರೆ ಬಾಯಿ ಕಟ್ಟಿಹೋಗುತ್ತದೆ ಎನ್ನಿಸಿ ನಾನೇ ಶುರು ಮಾಡಿದೆ. ಇಪ್ಪತ್ತು ದಿನ, ಎರಡು ಜಲ್ಲೆ, ದಾರ, ಎಲ್ಲ ಹೇಳಿದೆ. ನಮ್ಮ ಮಾತಿನಲ್ಲೇ ಹೇಳಿದೆ. ಕಾಗದದ ಮೇಲೆ ಸಲೀಸಾಗಿ ಬಂದದ್ದು ಬಾಯಲ್ಲಿ ತೊದಲಿ ತೊದಲಿ ಬಂತು. "ಅದು ನಾ ಕಲ್ಸಿದ್ದು ದೊಡ್ಡಪ್ಪಾ. ದೇವ್ರು ಆರ್ಸಿದ್ದಲ್ಲ. ತಪ್ಪಾಯ್ತು" ಎನ್ನುವಾಗ ಅಳುವೇ ಬಂದುಬಿಟ್ಟಿತು. ಬ್ಯಾಂಕಿನಲ್ಲಿ ಎಲ್ಲರನ್ನೂ ಗದರಿಸುವ ಹೆಂಗಸು ಜಗಲಿಯ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ದೊಡ್ಡಪ್ಪ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಒಂದು ಕೆಂದ ಕರ ಇತ್ತಲ್ಲ, ಕೊಂಬು ಮೊಂಡಾದ್ದು, ನೆಪ್ಪೈತಾ?" ಎಂದರು.

ನನಗೆ ನೆನಪಿರಲಿಲ್ಲ.

"ಅದುಕ್ಕೆ ನಾ ಒಂದ್ ತಿಂಗ್ಳು ಕೊಟ್ಟೆ ಕಬ್ಬು. ನಿನ್ನಂಗೆ ಎರಡು ಜಲ್ಲೆ ಅಲ್ಲ. ಬೆಲ್ಲ ಸವ್ರಿ ಕೊಟ್ಟೆ."

ನಾನು ಮೂಗು ಒರೆಸುವುದನ್ನು ನಿಲ್ಲಿಸಿದೆ.

"ನಿಮ್ಮಪ್ಪ ಹೋಗಿ ಎರಡ್ ವರ್ಸ. ಮನೇಲಿ ಒಂದೂ ಸರಿಗಿರ್ಲಿಲ್ಲ. ನಾ ಮೇಯ್ಸಿದ ಕರ ಪಟ್ಟಕ್ಕೆ ಬಂದ್ರೆ ಮನೇಗೆ ಒಳ್ಳೇದಾಗತ್ತೆ ಅಂತ. ಬೆಲ್ಲ ಜಾಸ್ತಿ ಆಗೋಯ್ತು. ಪೊಂಗಲ್ ದಿನ ಅದುಕ್ಕೆ ಬೇದಿ ಹಿಡ್ಕಂಡು ಮೂಲೇಲಿ ಮಲಗಿತ್ತು, ಏಳಲೇ ಇಲ್ಲ. ಅವತ್ತು ನಿನ್ ಬಿಳೀದು ಬಂದಾಗ ನಂಗೆ ಎಂಥಾ ಕೋಪ ಬಂತು, ಗೊತ್ತಾ?"

ನಾನು ನಕ್ಕುಬಿಟ್ಟೆ. ಅಳು ಇನ್ನೂ ಕೆನ್ನೆಯ ಮೇಲಿತ್ತು, ಅದರ ಮೇಲೇ ನಗು. ಅವರೂ ನಕ್ಕರು, ಭುಜ ಕುಣಿಯುವ ಹಾಗೆ, ಹಲ್ಲಿಲ್ಲದ ಬಾಯಿ ತೆರೆದು. ಕಾಫಿ ತಂದ ಹುಡುಗಿ ಏನು ಏನು ಎಂದು ಕೇಳಿದರೆ ಇಬ್ಬರೂ ಹೇಳಲಿಲ್ಲ. ಅಂದು ನೆಲದ ಮೇಲೆ ಬಿದ್ದು ಕೈ ಮುಗಿದವರು ಒಳಗೊಳಗೇ ಕೋಪದಿಂದ ಕುದಿಯುತ್ತಿದ್ದರು ಎಂದು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಮೂವತ್ತೆಂಟು ವರ್ಷ ಹೊತ್ತುಕೊಂಡಿದ್ದನ್ನು ಇಳಿಸಿದ ಮೇಲೆ ಬೆನ್ನಿಗೇ ಒಂದು ರೀತಿ ಆರಾಮಾಗುತ್ತದೆ. ಅದು ನನಗೆ ನಿಜವಾಗಿ ಹಾಗೇ ಅನ್ನಿಸಿತು.

ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ದೊಡ್ಡಪ್ಪ ಸ್ಪೀಕರಿನ ಕಡೆ ಕೈ ತೋರಿಸಿದರು. "ಆದ್ರೆ ನಿನ್ ಕದೆ ಸರಿಗಿಲ್ಲ."

"ಯಾಕೆ ದೊಡ್ಡಪ್ಪಾ?" ಕೈಗವಸಿನ ಬಣ್ಣ, ಹಿಂಬಾಗಿಲು, ಕಬ್ಬಿಗೆ ನೀರು, ಎಲ್ಲ ಕೇಳಿಸಿಕೊಂಡವಳಿಗೆ ಇನ್ನೊಂದು ತಕರಾರು ಹೆಚ್ಚೇನೂ ಅಲ್ಲ ಎಂದುಕೊಂಡೆ.

"ಆ ಮಿಶಿನು ಕಬ್ಬು ತಿಂತು, ಮುಂದಾಳ್ ಆಯ್ತು, ಆ ಅಮ್ಮ ಆಕಾಸಕ್ಕೆ ಹೋದ್ಲು. ಅಷ್ಟೇನಾ? ಆಮೇಲೆ ಅದು ಏನ್ ಮಾಡ್ತು? ಬಿರುಗಾಳೀಲಿ ಜನಾನ ಸರಿಗಾ ನಡೆಸ್ತಾ, ಇಲ್ಲ ಹಳ್ಳಕ್ಕೆ ಹಾಕ್ತಾ? ಅದು ಹೇಳ್ಲೇ ಇಲ್ವಲ್ಲ. ಆರ್ಸೋದು ಒಂದ್ ಹೊತ್ತಿನ ಕೆಲ್ಸ ತಾಯೀ."

ಆ ಬೆಕ್ಕು ಕೂಡ ಇದನ್ನು ಕೇಳಿರಲಿಲ್ಲ. ಮನಸ್ಸಿನ ಮೂಲೆಯಲ್ಲಿ ಉಳಿದಿದ್ದ ಒಂದು ಮಾತು ಕೇಳಿಯೇಬಿಟ್ಟೆ. "ಎರಡು ಕಡೆಯಿಂದಲೂ ಕಳ್ಳಾಟ ಆಯ್ತಲ್ಲ ದೊಡ್ಡಪ್ಪಾ. ಹಂಗಾದ್ರೆ ಅದು ದೇವ್ರ ಆವು ಹೆಂಗಾಯ್ತು?"

ಅವರು ಬಿಡಿಸಿದ ನಾರನ್ನು ಒಟ್ಟು ಮಾಡಿ ಸುತ್ತಿಟ್ಟರು.

"ನಿಮ್ಮ ದೊಡ್ಡವ್ವ ಹೋದಾಗ ನೀ ಮದುರೇಲಿ ಓದ್ತಿದ್ದೆ, ಮಣ್ಣು ಮಾಡಿದ ಮಾರನೇ ದಿನಾನೇ ವಾಪಸ್ ಹೋದೆ. ನಿಂಗೆ ಗೊತ್ತಿಲ್ಲ. ಸೂತಕ ಅಂತ ನಾ ತೊಳುಗೆ ಹೋಗಂಗಿರ್ಲಿಲ್ಲ. ಬೇರೇರು ಹೋಗಿ ಮೇವು ಹಾಕಿದ್ರು. ಅದು ಮುಟ್ಲಿಲ್ಲ. ಒಳ್ಳೇ ಕಬ್ಬು ಹಾಕಿದ್ರು, ಅದೂ ಮುಟ್ಲಿಲ್ಲ. ನಾಕನೇ ದಿನ ಬೇಲಿ ಒದ್ದು ಕಿತ್ತುಕಂಡು ಬೀದಿ ಮೇಲೆ ನಡ್ಕಂಡು ಬಂದು, ಇಗೋ, ಇಲ್ಲಿ, ನೀ ಕೂತಿದ್ದೀಯಲ್ಲ ಇಲ್ಲಿ, ಜಗಲಿ ಮೇಲೆ ತಲೆ ಇಟ್ಟು ನಿಂತ್ಕಂಡ್ತು. ನಾ ಎದ್ದು ಅದುರ ಕತ್ತು ಹಿಡ್ಕಂಡು ಅತ್ತೆ. ಅಲ್ಲೀಗಂಟ ನಾ ಅತ್ತೇ ಇರ್ಲಿಲ್ಲ."

ನನ್ನ ಕಡೆ ತಿರುಗಿದರು.

"ಅದುನ್ನೂ ನೀನೇ ಕಬ್ಬು ಕೊಟ್ಟು ಕಲ್ಸಿದ್ಯಾ?"

"ಇಲ್ಲ ದೊಡ್ಡಪ್ಪಾ," ಎಂದೆ.

"ಮತ್ತೆ?" ಎಂದು ಅವರು ಎದ್ದು, ಪಂಚೆ ಕೊಡವಿಕೊಂಡು, ಊಟಕ್ಕೆ ಎಲೆ ಹಾಕಲು ಒಳಗೆ ಕೂಗಿ ಹೇಳಿದರು.